ಅಲೆ ಕೊರೆದದ್ದು, ಮಳೆ ಸೀಳಿದ್ದು

ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಮಾಲೆಗೆ ಸೇರಿದ ಕವಾಯಿ ದ್ವೀಪವು ಹೆಚ್ಚುಕಡಿಮೆ ದುಂಡಗಿದ್ದರೂ ಅದನ್ನು ಪೂರ್ತಿ ಬಳಸಿ ಬರುವ ರಸ್ತೆ ಇಲ್ಲ. ಲಿಹುವೆ ಪಟ್ಟಣದಿಂದ ಉತ್ತರಕ್ಕೆ ಹೊರಟ ಹೆದ್ದಾರಿ ಹನಲೇ ಕೊಲ್ಲಿಯನ್ನು ದಾಟಿ ಕೇಯೇ ಎಂಬ ಕಡಲತಡಿಯಲ್ಲಿ ನಿಂತುಬಿಡುತ್ತದೆ. ದಕ್ಷಿಣವನ್ನು ಬಳಸಿ ಪಶ್ಚಿಮಕ್ಕೆ ಹೊರಟದ್ದು ಕೆಕಹ ಊರಿನಾಚೆ ಮಣ್ಣುದಾರಿಯಾಗಿ ಪೊಲಿಹಲೆಯ ಮರಳದಂಡೆಯಲ್ಲಿ ಮುಗಿಯುತ್ತದೆ. ಈ ಎರಡು ಕೊನೆಗಳ ನಡುವೆ ರಸ್ತೆ ಮುಟ್ಟದೆ ಉಳಿದ ಸುಮಾರು 27 ಕಿ.ಮೀ. ಕರಾವಳಿಗೆ ನಾ ಪಾಲಿ ಎಂದು ಹೆಸರು. ಹವಾಯಿ ಭಾಷೆಯಲ್ಲಿ ‘ಪಾಲಿ’ ಎಂದರೆ ಕಡಿದಾದ ಬಂಡೆಗೋಡೆ, ‘ನಾ’ ಎಂಬುದು ಬಹುವಚನದ ಗುರುತು. ಹೆಸರಿಗೆ ‘ಕಡಿಬಂಡೆಗಳು’ ಎಂಬಷ್ಟೇ ಅರ್ಥ. ಆ ಬಂಡೆಗಳಲ್ಲಿ ಕೆಲವು ಕಡಲಂಚಿನಿಂದ ಎದ್ದು ಸುಮಾರು 1,200 ಮೀಟರ್ ಎತ್ತರಕ್ಕೆ, ಅಂದರೆ ಜೋಗದ 253 ಮೀಟರ್ ಧುಮುಕನ್ನು ಒಂದರ ಮೇಲೊಂದರಂತೆ ನಾಲ್ಕು ಬಾರಿ ನಿಲ್ಲಿಸಿದರೂ ಸಾಲದಷ್ಟು ಎತ್ತರಕ್ಕೆ ಏರುತ್ತವೆ ಎಂದರೆ ಇಲ್ಲಿ ರಸ್ತೆ ಏಕೆ ಇಲ್ಲವೆಂಬುದು ತಾನೇ ತಿಳಿಯುತ್ತದೆ.

ಇಂಥ ಕರಾವಳಿಯನ್ನು ಹತ್ತಿರದಿಂದ ನೋಡಲು ಇರುವ ದಾರಿಗಳು ಮೂರೇ. ಕೇಯೇಯಿಂದ ಕಲಲಾವ್ ಕಣಿವೆಯವರೆಗೆ ಬಂಡೆಯ ಮಗ್ಗುಲಲ್ಲಿ ಹತ್ತಿಳಿಯುತ್ತ ಸಾಗುವ 18 ಕಿ.ಮೀ. ಕಾಲುದಾರಿ ಒಂದು, ಅದು ಗಟ್ಟಿ ಮೈಯವರಿಗೆ, ರಾತ್ರಿ ತಂಗಲು ಮೊದಲೇ ಪರವಾನಗಿ ಪಡೆದವರಿಗೆ ಒದಗುವಂಥದ್ದು, ಮತ್ತು ಕಲಲಾವ್‌ನಲ್ಲೇ ಮುಗಿದುಹೋಗುವುದರಿಂದ ಅದರಾಚೆಯ ಹೊನೊಪು, ನುವಲೊಲೊ, ಮಿಲೊಲಿಯಿ ಕಣಿವೆಗಳನ್ನು ಅದು ತೋರಿಸುವುದೇ ಇಲ್ಲ. ಉಳಿದವು ದೋಣಿ ಮತ್ತು ಹೆಲಿಕಾಪ್ಟರ್. ಬಹುಪಾಲು ಪ್ರವಾಸಿಗರು ಈ ಎರಡರಲ್ಲೊಂದನ್ನು ಆರಿಸಿಕೊಳ್ಳುತ್ತಾರೆ, ಮತ್ತು ಎರಡರಲ್ಲಿ ಯಾವುದು ಒಳ್ಳೆಯದೆಂದು ವಿಚಾರಿಸುತ್ತಾರೆ. ಹಾಗೆ ವಿಚಾರಿಸಿದಾಗ ಸಿಗುವ ಉತ್ತರ ಹಣದ ಕಡೆಗೋ ಧೈರ್ಯದ ಕಡೆಗೋ ವಾಲುತ್ತದೆಯೇ ಹೊರತು ಕರಾವಳಿಯ ಕಡೆಗೆ ತಿರುಗುವುದಿಲ್ಲ. ನಾ ಪಾಲಿಯನ್ನು ಕಡೆದದ್ದು ಎರಡು ಬಗೆಯ ನೀರು: ಬುಡದಲ್ಲಿ ಕೊರೆದ ಕಡಲ ಅಲೆ, ನೆತ್ತಿಯಿಂದ ಸೀಳಿದ ಮಳೆ. ದೋಣಿಯಲ್ಲಿ ಕುಳಿತವರ ಕಣ್ಣಿಗೆ ಬೀಳುವುದು ಅಲೆಯ ಕೆಲಸ; ಹೆಲಿಕಾಪ್ಟರಿನಲ್ಲಿ ಕುಳಿತವರಿಗೆ ಕಾಣುವುದು ಮಳೆಯ ಕೆಲಸ. ಅದೇ ಅಲೆ, ಅದೇ ಮಳೆ ಯಾವ ತಿಂಗಳಲ್ಲಿ ದೋಣಿ ಹೊರಡಬಹುದು, ಯಾವ ಬೆಳಗ್ಗೆ ಹೆಲಿಕಾಪ್ಟರ್ ಏಳಬಹುದು ಎಂಬುದನ್ನು ಇಂದಿಗೂ ತೀರ್ಮಾನಿಸುತ್ತಿವೆ. ಈ ಪ್ರವಾಸಕ್ಕೆ ಸಿದ್ಧತೆ ಎಂದರೆ ಮೊದಲಿಗೆ ಈ ಎರಡು ನೀರುಗಳ ಸ್ವಭಾವವನ್ನು ಅರಿತುಕೊಳ್ಳುವುದು.

ಹವಾಯಿಯ ದ್ವೀಪಗಳೆಲ್ಲ ಕಡಲತಳದಿಂದ ಎದ್ದ ಜ್ವಾಲಾಮುಖಿಗಳ ತಲೆಗಳು. ಭೂಮಿಯ ಒಳಪದರದಲ್ಲಿ ಒಂದೇ ಕಡೆ ನೆಲೆನಿಂತು ಲಾವಾರಸವನ್ನು ಮೇಲಕ್ಕೆ ಕಳುಹಿಸುವ ಕಾವಿನ ನೆಲೆಯನ್ನು ಭೂವಿಜ್ಞಾನಿಗಳು ತಪ್ತಬಿಂದು ಎನ್ನುತ್ತಾರೆ. ಅದರ ಮೇಲೆ ಪೆಸಿಫಿಕ್ ಭೂಫಲಕವು ವರ್ಷಕ್ಕೆ ಏಳರಿಂದ ಹತ್ತು ಸೆಂಟಿಮೀಟರಿನಂತೆ ವಾಯವ್ಯಕ್ಕೆ ಜರುಗುತ್ತಿರುವುದರಿಂದ, ಒಂದು ಕಾಲದಲ್ಲಿ ಬಿಂದುವಿನ ಮೇಲೆ ನಿಂತು ಬೆಳೆದ ದ್ವೀಪ ಮುಂದೆ ಸರಿದು ತಣ್ಣಗಾಗುತ್ತದೆ, ಅದರ ಹಿಂದೆ ಹೊಸ ದ್ವೀಪ ಹುಟ್ಟುತ್ತದೆ. ಆಗ್ನೇಯದ ತುದಿಯಲ್ಲಿ ಕಿಲವೇಯ ಜ್ವಾಲಾಮುಖಿ ಇಂದಿಗೂ ಉಗುಳುತ್ತಿದೆ; ಅಲ್ಲಿಂದ ಸುಮಾರು 500 ಕಿ.ಮೀ. ದೂರಕ್ಕೆ ಬಂದಿರುವ ಕವಾಯಿಗೆ ಸುಮಾರು 50 ಲಕ್ಷ ವರ್ಷ ವಯಸ್ಸು. ಸರದಿಯ ದೊಡ್ಡ ದ್ವೀಪಗಳಲ್ಲಿ ಹಿರಿಯದೆಂಬ ಕಾರಣಕ್ಕೇ ಸವೆತ ಅದರ ಮೇಲೆ ಎಲ್ಲಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಿದೆ. ಆದರೂ ಭೂಮಿಯ ಲೆಕ್ಕದಲ್ಲಿ ಇದು ಎಳೆಯ ಕಲ್ಲು. ರಾಮನಗರದ ಬೆಟ್ಟಗಳ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷವಾಗಿದೆ ಎಂಬುದನ್ನು ನೆನೆದರೆ, ಆ ಕಲ್ಲು ಇಂದಿಗೂ ದುಂಡಗೆ ನಯವಾಗಿ ನಿಂತಿರುವಾಗ ಅದರ ಐನೂರರಲ್ಲಿ ಒಂದು ಪಾಲು ವಯಸ್ಸಿನ ಕವಾಯಿಯ ಬಸಾಲ್ಟ್ ಇಷ್ಟು ಹರಿದು ಚಿಂದಿಯಾದದ್ದು ಹೇಗೆಂಬ ಬೆರಗು ಹುಟ್ಟುತ್ತದೆ. ಬಸಾಲ್ಟ್ ಎಂದರೆ ಲಾವಾ ಬೇಗ ಆರಿ ಗಟ್ಟಿಯಾದ ಕಪ್ಪು ಶಿಲೆ. ಕವಾಯಿಯಲ್ಲಿ ಅದು ತೆಳುತೆಳುವಾದ ಪದರಗಳಾಗಿ, ನಡುನಡುವೆ ಗುಳ್ಳೆ, ಬಿರುಕು, ಪೊಳ್ಳುಗಳನ್ನು ಇಟ್ಟುಕೊಂಡು ಪೇರಿಸಿಕೊಂಡಿದೆ. ನೀರು ಹೊಗಲು ಇದಕ್ಕಿಂತ ಒಳ್ಳೆಯ ಅನುಕೂಲ ಬೇಡ.

ಮೊದಲು ಅಲೆಯ ವಿಚಾರ. ಉತ್ತರ ಪೆಸಿಫಿಕ್‌ನಲ್ಲಿ, ಅಲ್ಯೂಷಿಯನ್ ದ್ವೀಪಗಳ ಆಸುಪಾಸಿನಲ್ಲಿ ಚಳಿಗಾಲದ ಬಿರುಗಾಳಿಗಳು ಏಳುತ್ತವೆ. ಅವು ಎಬ್ಬಿಸಿದ ಅಲೆಗಳು ಗಾಳಿಯ ಹಂಗಿಲ್ಲದೆ ಸಾವಿರಾರು ಕಿಲೋಮೀಟರ್ ಉರುಳಿ, ನಡುವೆ ತಡೆಯೊಡ್ಡುವ ನೆಲ ಯಾವುದೂ ಇಲ್ಲದ್ದರಿಂದ ಪೂರ್ಣ ಬಲದೊಂದಿಗೆ ಕವಾಯಿಯ ಉತ್ತರ ಮತ್ತು ವಾಯವ್ಯ ಮುಖಗಳಿಗೆ ಅಪ್ಪಳಿಸುತ್ತವೆ. ಹೀಗೆ ದೂರದ ಬಿರುಗಾಳಿಯಿಂದ ಹುಟ್ಟಿ ಬರುವ ಉದ್ದನೆಯ, ಭಾರವಾದ ತೆರೆಗಳಿಗೆ ನಾವಿಕರು ಸ್ವೆಲ್ ಎನ್ನುತ್ತಾರೆ. ಸ್ಥಳದಲ್ಲಿ ಬಿಸಿಲು ಹೊಳೆಯುತ್ತಿದ್ದು ಗಾಳಿ ಮಂದವಾಗಿದ್ದರೂ ಸ್ವೆಲ್ ಬರಬಹುದು ಎಂಬುದು ಹೊಸಬರಿಗೆ ಬೇಗ ಅರ್ಥವಾಗದ ಸಂಗತಿ. ಆಕಾಶ ನೋಡಿ ಕಡಲನ್ನು ಅಳೆಯಹೋದವರು ಇಲ್ಲಿ ತಪ್ಪುತ್ತಾರೆ. ನವೆಂಬರಿನಿಂದ ಮಾರ್ಚ್‌ವರೆಗೆ ಈ ತೆರೆಗಳ ಕಾಲ. ಬೇಸಿಗೆಯಲ್ಲಿ, ಅಂದರೆ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ, ಉತ್ತರದ ಬಿರುಗಾಳಿಗಳು ಅಡಗಿ ಈ ಮುಖದ ಕಡಲು ಬಹುಮಟ್ಟಿಗೆ ಶಾಂತವಾಗುತ್ತದೆ. ಮಲ್ಪೆ, ಗಂಗೊಳ್ಳಿ, ಕಾರವಾರಗಳ ಕಡಲನ್ನು ಬಲ್ಲ ಕನ್ನಡಿಗರಿಗೆ ಈ ಪಂಚಾಂಗ ತಲೆಕೆಳಗಾಗಿ ತೋರುವುದು ಸಹಜ, ಏಕೆಂದರೆ ಅರಬ್ಬಿ ಸಮುದ್ರ ಮುಂಗಾರಿನ ಜೂನ್‌ನಲ್ಲಿ ಮುನಿದು ಡಿಸೆಂಬರಿನಲ್ಲಿ ತಿಳಿಯಾಗುತ್ತದೆ. ನಾ ಪಾಲಿಯ ಕಡಲು ಡಿಸೆಂಬರಿನಲ್ಲಿ ಮುನಿದು ಜೂನ್‌ನಲ್ಲಿ ತಿಳಿಯಾಗುತ್ತದೆ. ಕ್ರಿಸ್‌ಮಸ್ ರಜೆಗೆಂದು ಅಲ್ಲಿಗೆ ಹೋಗಿ ದೋಣಿಯನ್ನೇ ನೆಚ್ಚಿಕೊಂಡ ಕುಟುಂಬ ಬಂದರಿನಿಂದಲೇ ಹಿಂದಿರುಗುವ ಸಾಧ್ಯತೆ ಕಡಿಮೆಯೇನಲ್ಲ.

ದೋಣಿಗಳು ಹೊರಡುವ ನೆಲೆಗಳೂ ಇದೇ ಲೆಕ್ಕವನ್ನು ಅನುಸರಿಸುತ್ತವೆ. ಉತ್ತರದ ಹನಲೇ ಕೊಲ್ಲಿಯಿಂದ ನಾ ಪಾಲಿ ಅತಿ ಹತ್ತಿರ, ಆದರೆ ಆ ಕೊಲ್ಲಿ ಸ್ವೆಲ್‌ಗೆ ಎದುರಾಗಿ ತೆರೆದುಕೊಂಡಿರುವುದರಿಂದ ಅಲ್ಲಿಂದ ಹೊರಡುವ ಪ್ರವಾಸಗಳು ಬೇಸಿಗೆಗೆ ಸೀಮಿತ. ನೈರುತ್ಯದ ಪೋರ್ಟ್ ಅಲೆನ್ ಬಂದರು ವರ್ಷವಿಡೀ ಕೆಲಸ ಮಾಡುತ್ತದೆ. ದೊಡ್ಡ ಕ್ಯಾಟಮರಾನ್‌ಗಳು ಹೊರಡುವುದು ಇಲ್ಲಿಂದ. ಎರಡು ಕಿರಿದಾದ ಒಡಲುಗಳನ್ನು ಅಕ್ಕಪಕ್ಕ ಇಟ್ಟು ಮೇಲೆ ಒಂದೇ ಅಟ್ಟ ಹೊದಿಸಿದ ದೋಣಿಗೆ ಕ್ಯಾಟಮರಾನ್ ಎನ್ನುವರು. ಆ ಹೆಸರು ನಮ್ಮ ಪಕ್ಕದ ತಮಿಳಿನ ಕಟ್ಟುಮರದಿಂದ ಇಂಗ್ಲಿಷಿಗೆ ಹೋದದ್ದೆಂಬುದು ಪದಗಳ ಪಯಣದಲ್ಲಿ ಆಸಕ್ತಿ ಇರುವವರಿಗೆ ಸಂತಸ ತರುವ ವಿಷಯ. ಜೋಡಿ ಒಡಲಿನ ದೋಣಿಯ ರಚನೆಯಾದರೋ ಪಾಲಿನೇಷ್ಯದ ಜನರದೇ, ಅವರು ಹವಾಯಿಯನ್ನು ಕಂಡು ನೆಲೆಸಿದ್ದೇ ಅಂಥ ದೋಣಿಗಳಲ್ಲಿ ಬಂದು. ಕೆಕಹದ ಬಳಿಯ ಕಿಕಿಯವೋಲ ಎಂಬ ಸಣ್ಣ ಬಂದರಿನಿಂದ ಹೊರಡುವುದು ರಾಫ್ಟ್, ಅಂದರೆ ಗಟ್ಟಿ ತಳದ ಸುತ್ತ ಗಾಳಿ ತುಂಬಿದ ರಬ್ಬರ್ ಕೊಳವೆಯನ್ನು ಅಂಚಾಗಿ ಕಟ್ಟಿದ ವೇಗದ ದೋಣಿ.

ಇವೆರಡರ ನಡುವಿನ ಆಯ್ಕೆಯನ್ನು ಮೈಯ ಸ್ಥಿತಿಗೆ ಬಿಡುವುದು ಲೇಸು. ಕ್ಯಾಟಮರಾನ್‌ನಲ್ಲಿ ನೆರಳಿದೆ, ಶೌಚಾಲಯವಿದೆ, ಊಟವಿದೆ, ವಯಸ್ಸಾದ ತಂದೆತಾಯಿಯರು ಕೂರಬಹುದಾದ ಆಸನವಿದೆ. ರಾಫ್ಟಿನಲ್ಲಿ ಕೊಳವೆಯ ಮೇಲೆ ಕುಳಿತು ಹಗ್ಗ ಹಿಡಿಯಬೇಕು. ಪ್ರತಿಯೊಂದು ತೆರೆಯ ಪೆಟ್ಟೂ ಬೆನ್ನುಹುರಿಗೆ ತಾಗುತ್ತದೆ, ಆದ್ದರಿಂದ ಗರ್ಭಿಣಿಯರು, ಬೆನ್ನುನೋವಿನವರು, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವರು ಅದರ ಆಸೆಯನ್ನು ಬಿಡಬೇಕಾಗುತ್ತದೆ. ಆದರೆ ಅಲೆಯ ಕೆಲಸವನ್ನು ತೀರ ಹತ್ತಿರದಿಂದ ತೋರಿಸುವುದು ರಾಫ್ಟೇ, ಏಕೆಂದರೆ ಇವೆರಡರಲ್ಲಿ ಕಡಲಗುಹೆಗಳ ಒಳಕ್ಕೆ ಸುಲಭವಾಗಿ ಹೋಗಬಲ್ಲದ್ದು ಅದು.

ಕಡಲಗುಹೆ ಹುಟ್ಟುವ ಬಗೆ ಸರಳ, ಮತ್ತು ಅದನ್ನು ತಿಳಿದು ಹೋದರೆ ಗುಹೆ ಬೇರೆಯಾಗಿಯೇ ಕಾಣುತ್ತದೆ. ಬಂಡೆಯ ಬುಡದಲ್ಲಿ ಒಂದು ಬಿರುಕೋ, ಮೆತ್ತನೆಯ ಪದರವೋ ಇದ್ದಲ್ಲಿ ಅಲೆ ನುಗ್ಗುತ್ತದೆ. ನುಗ್ಗಿದಾಗ ಬಿರುಕಿನೊಳಗಿನ ಗಾಳಿ ಒತ್ತಿಕೊಂಡು ಹಿಂದಕ್ಕೆ ಸಿಡಿಯುತ್ತದೆ. ಈ ಒತ್ತುವಿಕೆ ಮತ್ತು ಸಡಿಲುವಿಕೆ ದಿನಕ್ಕೆ ಸಾವಿರಾರು ಬಾರಿ ನಡೆದು ಕಲ್ಲನ್ನು ಸಡಿಲಿಸುತ್ತದೆ. ಸಡಿಲವಾದ ಕಲ್ಲನ್ನೇ ಆಯುಧವಾಗಿ ಹಿಡಿದು ಮುಂದಿನ ಅಲೆ ಇನ್ನಷ್ಟು ಒಳಕ್ಕೆ ಹೊಡೆಯುತ್ತದೆ. ನಾ ಪಾಲಿಯ ಒಂದು ಗುಹೆಯ ಛಾವಣಿ ಪೂರ್ತಿಯಾಗಿ ಕುಸಿದು ಆಕಾಶಕ್ಕೆ ಬಾಯ್ದೆರೆದುಕೊಂಡಿದೆ. ದೋಣಿ ಕತ್ತಲ ಬಾಯಿಯಿಂದ ಒಳಹೊಕ್ಕ ಮೇಲೆ ಸುತ್ತ ಕಪ್ಪು ಗೋಡೆ, ಮೇಲೆ ದುಂಡನೆಯ ಬೆಳಕು, ಕೆಳಗೆ ಆ ಬೆಳಕು ಬಿದ್ದಷ್ಟು ಜಾಗದಲ್ಲಿ ಮಾತ್ರ ನೀಲಿ ಹಸಿರಾಗಿ ಹೊಳೆಯುವ ನೀರು. ವೈಯಹುವಕುವ ಎಂಬ ಇನ್ನೊಂದು ಗುಹೆಗೆ ಬಾಯಿ ಎರಡು. ದೋಣಿ ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಬರುತ್ತದೆ, ನಡುವೆ ಛಾವಣಿಯ ರಂಧ್ರದಿಂದ ಝರಿಯೊಂದು ನೇರವಾಗಿ ಕಡಲಿಗೆ ಸುರಿಯುತ್ತದೆ. ಕೊರೆದ ಅಲೆಯೂ ಸೀಳಿದ ಮಳೆಯೂ ಮುಖಾಮುಖಿಯಾಗುವ ಜಾಗ ಅದು, ದೋಣಿಯವರು ಅಲ್ಲಿ ಎಂಜಿನ್ನಿನ ಸದ್ದು ತಗ್ಗಿಸಿದಾಗ ಎರಡು ನೀರಿನ ಎರಡು ದನಿಗಳೂ ಬೇರೆಬೇರೆಯಾಗಿ ಕೇಳುತ್ತವೆ. ಕಡಲು ಸ್ವಲ್ಪ ಎದ್ದಿದ್ದರೂ ಚುಕ್ಕಾಣಿ ಹಿಡಿದವರು ಗುಹೆಯೊಳಗೆ ಹೋಗುವುದಿಲ್ಲ. ಆಗ ಅವರನ್ನು ಒತ್ತಾಯಿಸುವುದು ಸಲ್ಲದು.

ಗುಹೆಗಳಾಚೆ ಗಮನಿಸಬೇಕಾದ ಮತ್ತೆರಡು ರಚನೆಗಳಿವೆ. ಬಂಡೆಗೋಡೆಯ ಅಡ್ಡಡ್ಡ ಪದರಗಳನ್ನು ಕತ್ತರಿಸಿಕೊಂಡು ನೆಟ್ಟಗೆ ಮೇಲಕ್ಕೆ ಹೋಗುವ ಕಿರುಗೋಡೆಗಳು ಅಲ್ಲಲ್ಲಿ ಕಾಣುತ್ತವೆ; ಹಳೆಯ ಪದರಗಳ ಬಿರುಕಿನಲ್ಲಿ ಹೊಸ ಲಾವಾ ನುಗ್ಗಿ ಅಲ್ಲೇ ಹೆಪ್ಪುಗಟ್ಟಿದ ಇವಕ್ಕೆ ಡೈಕ್ ಎಂದು ಹೆಸರು, ಇವು ಸುತ್ತಲ ಕಲ್ಲಿಗಿಂತ ಗಟ್ಟಿಯಾಗಿದ್ದರೆ ಸವೆತದ ನಂತರ ಏಣಿನಂತೆ ಹೊರಚಾಚಿಕೊಳ್ಳುತ್ತವೆ. ಇನ್ನೊಂದು ತೂಗುಕಣಿವೆ: ಹೊಳೆಯೊಂದು ತನ್ನ ಪಾತ್ರವನ್ನು ಕಡಲಮಟ್ಟಕ್ಕೆ ಇಳಿಸಿಕೊಳ್ಳುವ ಮೊದಲೇ ಅಲೆ ಬಂಡೆಯನ್ನು ಹಿಂದಕ್ಕೆ ಕಡಿದುಬಿಟ್ಟರೆ ಕಣಿವೆಯ ಬಾಯಿ ನಡುಗಾಳಿಯಲ್ಲಿ ತೂಗಿ, ಹೊಳೆ ಅಲ್ಲಿಂದ ಜಲಪಾತವಾಗಿ ಧುಮುಕುತ್ತದೆ. ಅಲೆ ಮತ್ತು ಮಳೆಯ ಓಟದಲ್ಲಿ ಅಲ್ಲಿ ಗೆದ್ದದ್ದು ಅಲೆ; ಕಲಲಾವ್‌ನಂಥ ಅಗಲವಾದ ಕಣಿವೆಗಳಲ್ಲಿ ಗೆದ್ದದ್ದು ಮಳೆ.

ಕಲಲಾವ್ ಇಂದು ಕಾಡುಗಿಡ ತುಂಬಿದ, ಯಾರೂ ನೆಲೆಸದ ಕಣಿವೆಯಂತೆ ಕಂಡರೂ ಅದು ಮೊದಲಿನಿಂದ ನಿರ್ಜನವಾಗಿರಲಿಲ್ಲ ಎಂಬುದನ್ನು ಪ್ರವಾಸದ ಜಾಹೀರಾತುಗಳು ಹೇಳುವುದು ಕಡಿಮೆ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಲ್ಲಿ ಜನರಿದ್ದರು. ಶತಮಾನಗಳ ಕಾಲ ಅವರು ಹೊಳೆಯ ನೀರನ್ನು ಕಾಲುವೆಯಲ್ಲಿ ತಿರುಗಿಸಿ, ಕಲ್ಲಿನ ಬದು ಕಟ್ಟಿದ ಮೆಟ್ಟಿಲುಗದ್ದೆಗಳಲ್ಲಿ ಕಲೋ ಬೆಳೆಯುತ್ತಿದ್ದರು. ಕಲೋ ಎಂದರೆ ಬೇರೇನಲ್ಲ, ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಪತ್ರೊಡೆಗೆ ಎಲೆ ಕೊಡುವ ಅದೇ ಕೆಸು. ಹವಾಯಿಯವರಿಗೆ ಅದರ ಗೆಡ್ಡೆಯೇ ಮುಖ್ಯ ಆಹಾರ. ಬೇಯಿಸಿ, ಕುಟ್ಟಿ, ಪೊಯಿ ಎಂಬ ಮುದ್ದೆಯನ್ನು ಮಾಡುತ್ತಾರೆ. ನುವಲೊಲೊ ಕೈ ಎಂಬ ಇನ್ನೊಂದು ನೆಲೆಯಲ್ಲಿ, ಹವಳದಿಬ್ಬದ ಕಾಪಿನ ಹಿಂದೆ ಚಾಚಿದ ಬಂಡೆಯ ನೆರಳಲ್ಲಿ, ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದ ವಿದ್ವಾಂಸರು 1958ರಿಂದ ಉತ್ಖನನ ನಡೆಸಿದರು. ಮಳೆಯ ಹನಿ ತಾಗದ ಆ ಒಣನೆಲದಲ್ಲಿ ಮೀನಿನ ಗಾಳಗಳಷ್ಟೇ ಅಲ್ಲದೆ ಮರ, ಸೋರೆಬುರುಡೆ, ಹುರಿ ಮುಂತಾಗಿ ಸಾಮಾನ್ಯವಾಗಿ ಕೊಳೆತುಹೋಗುವ ವಸ್ತುಗಳೂ ಉಳಿದು ದೊರೆತವು. ಪರವಾನಗಿ ಪಡೆದ ಕೆಲವೇ ದೋಣಿಗಳು ಇಲ್ಲಿ ದಡ ಮುಟ್ಟುತ್ತವೆ; ಕಡಲಿನ ಪ್ರವಾಸದಲ್ಲಿ ಮನುಷ್ಯರ ಕುರುಹನ್ನೂ ನೋಡಬೇಕೆನ್ನುವವರು ಕಾಯ್ದಿರಿಸುವಾಗಲೇ ಇದನ್ನು ವಿಚಾರಿಸಬೇಕು.

ಈ ಕಣಿವೆಗಳ ಹೆಸರಿನೊಂದಿಗೆ ಬೆಸೆದುಕೊಂಡ ಒಂದು ಸಂಗತಿಯನ್ನು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಕುಷ್ಠರೋಗ ಕಂಡವರನ್ನು ಮನೆಯವರಿಂದ ಬೇರ್ಪಡಿಸಿ ಮೊಲೊಕಾಯಿ ದ್ವೀಪದ ಕಲವುಪಾಪಕ್ಕೆ ಕಳುಹಿಸುವ ಕಾನೂನು ಹವಾಯಿಯಲ್ಲಿ 1865ರಲ್ಲಿ ಬಂದಿತ್ತು. ಕೆಕಹದ ದನಗಾಹಿ ಕೊವೊಲಾವು ಎಂಬಾತ ರೋಗ ತಗುಲಿದ ಮೇಲೆ ಹೆಂಡತಿಯನ್ನು ಅಗಲಿ ಹೋಗಲೊಪ್ಪದೆ, ಹೆಂಡತಿ ಪಿಯಿಲಾನಿ ಮತ್ತು ಎಳೆಯ ಮಗನೊಂದಿಗೆ ಕಲಲಾವ್‌ಗೆ ಬಂದು ಸೇರಿದ. ಹವಾಯಿಯ ರಾಣಿಯ ಆಳ್ವಿಕೆಯನ್ನು ಉರುಳಿಸಿ ತಾತ್ಕಾಲಿಕ ಸರ್ಕಾರ ಸ್ಥಾಪನೆಯಾಗಿದ್ದ 1893ರಲ್ಲಿ ಅವನನ್ನು ಹಿಡಿಯಲು ಬಂದ ಅಧಿಕಾರಿ ಅವನ ಗುಂಡಿಗೆ ಬಲಿಯಾದ. ಆಮೇಲೆ ಕಡಲ ದಾರಿಯಿಂದ ಸೈನಿಕರು ಫಿರಂಗಿಯೊಂದಿಗೆ ಬಂದರೂ ಕುಟುಂಬ ಸಿಕ್ಕಲಿಲ್ಲ. ಕಣಿವೆಯ ಮರೆಯಲ್ಲೇ ಮಗ ತೀರಿಕೊಂಡ, ಮುಂದೆ ಗಂಡನೂ ತೀರಿಕೊಂಡ. ಇಬ್ಬರನ್ನೂ ಮಣ್ಣುಮಾಡಿ ಪಿಯಿಲಾನಿ ಒಬ್ಬಳೇ ಬೆಟ್ಟ ಹತ್ತಿ ಕೆಕಹಕ್ಕೆ ಮರಳಿದಳು. ಅವಳು ಹೇಳಿದ ವೃತ್ತಾಂತ 1906ರಲ್ಲಿ ಹವಾಯಿ ಭಾಷೆಯಲ್ಲಿ ಅಚ್ಚಾಯಿತು. ಜಾಕ್ ಲಂಡನ್ ಇದೇ ವಸ್ತುವಿನ ಮೇಲೆ ಬರೆದ ಕಥೆ ಹೆಚ್ಚು ಪ್ರಸಿದ್ಧವಾದರೂ, ಆ ಕಣಿವೆಯ ಇಳಿಜಾರುಗಳನ್ನು ಕಾಲಿನಿಂದ ಬಲ್ಲವಳು ಪಿಯಿಲಾನಿ. ದೋಣಿ ಕಲಲಾವ್‌ನ ಮುಂದೆ ನಿಂತಾಗ, ಈ ಗೋಡೆಗಳನ್ನು ಒಬ್ಬ ಹೆಂಗಸು ದುಃಖವನ್ನು ಹೊತ್ತು ಹತ್ತಿದ್ದಳೆಂದು ತಿಳಿದಿದ್ದವರ ನೋಟ ಛಾಯಾಚಿತ್ರಕ್ಕೆ ಮುಗಿಯುವುದಿಲ್ಲ.

ದೋಣಿಯ ಪ್ರವಾಸಕ್ಕೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಪೋರ್ಟ್ ಅಲೆನ್‌ನಿಂದ ಹೊರಟರೆ ಒಣಗಿದ ನೈರುತ್ಯ ತೀರವನ್ನೂ ಸೈನ್ಯದ ಕ್ಷಿಪಣಿ ಪರೀಕ್ಷಾ ನೆಲೆಯನ್ನೂ ದಾಟಿ ಬಂಡೆಗಳು ಆರಂಭವಾಗುವ ಹೊತ್ತಿಗೇ ಒಂದು ಗಂಟೆಗಿಂತ ಹೆಚ್ಚು ಕಳೆದಿರುತ್ತದೆ. ಬರುವಾಗ ಎದುರುಗಾಳಿ, ಈ ದ್ವೀಪಗಳ ಮೇಲೆ ವರ್ಷದ ಬಹುಭಾಗ ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಮಧ್ಯಾಹ್ನದಲ್ಲಿ ಬಲವಾಗುವುದರಿಂದ, ಹೋಗುವಾಗ ನಗುತ್ತಿದ್ದವರು ಬರುವಾಗ ಪೂರ್ತಿ ನೆನೆದು ಮೌನವಾಗಿರುತ್ತಾರೆ. ಹೊಯ್ದಾಟಕ್ಕೆ ವಾಕರಿಕೆ ಬರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ದೋಣಿ ಹೊರಡುವ ಮೊದಲೇ ನುಂಗಿರಬೇಕು, ತಲೆ ತಿರುಗಲಾರಂಭಿಸಿದ ಮೇಲೆ ನುಂಗಿ ಫಲವಿಲ್ಲ; ಹಿಂಬದಿಯ ನಡುಭಾಗದಲ್ಲಿ ಕುಳಿತು ದಿಗಂತವನ್ನು ನೋಡುತ್ತಿರುವುದು, ಮೊಬೈಲಿನ ಪರದೆಯನ್ನು ನೋಡದಿರುವುದು ಹಳೆಯ ಉಪಾಯಗಳು. ಬಿಸಿಲಿಗೆ ಹಚ್ಚುವ ಲೇಪನದ ವಿಷಯದಲ್ಲೂ ಎಚ್ಚರ ಬೇಕು: ಹವಳಕ್ಕೆ ಹಾನಿಕರವೆಂದು ಆಕ್ಸಿಬೆಂಝೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಲೇಪನಗಳ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ಚಳಿಗಾಲದಲ್ಲಿ ಹೋದವರಿಗೆ, ಕಡಲು ಬಿಟ್ಟರೆ, ಮರಿ ಹಾಕಲೆಂದು ಅಲಾಸ್ಕದ ಕಡೆಯಿಂದ ಬರುವ ಗೂನುಬೆನ್ನಿನ ತಿಮಿಂಗಿಲಗಳ ದರ್ಶನವಾಗುತ್ತದೆ. ಅವುಗಳಿಂದ 100 ಗಜ, ಸುತ್ತಿ ಜಿಗಿಯುವ ಸ್ಪಿನ್ನರ್ ಡಾಲ್ಫಿನ್‌ಗಳಿಂದ 50 ಗಜ ದೂರವಿರಬೇಕೆಂಬುದು ನಿಯಮ. ರಾತ್ರಿಯೆಲ್ಲ ಬೇಟೆಯಾಡಿ ಹಗಲು ತೀರದ ಬಳಿ ನಿದ್ರಿಸುವ ಆ ಡಾಲ್ಫಿನ್‌ಗಳಿಗೆ ಪ್ರವಾಸಿಗರ ಪ್ರೀತಿಯೇ ನಿದ್ದೆಗೇಡಾಗಿತ್ತು.

ಮಳೆಯ ವಿಚಾರಕ್ಕೆ ಬಂದರೆ ಮೊದಲು ಹೇಳಬೇಕಾದದ್ದು ದ್ವೀಪದ ನಡುವಿನ ವೈಯಲೆಯಲೆ ಶಿಖರದ ಹೆಸರನ್ನು. ‘ತುಳುಕುವ ನೀರು’ ಎಂಬ ಅರ್ಥದ ಈ ಶಿಖರದ ಎತ್ತರ 1,569 ಮೀಟರ್. ಈಶಾನ್ಯದ ವಾಣಿಜ್ಯ ಮಾರುತ ಸಾವಿರಾರು ಕಿಲೋಮೀಟರ್ ಕಡಲ ಮೇಲೆ ತೇವ ಹೀರಿಕೊಂಡು ಬಂದು ಈ ಬೆಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ಸುರಿಯುತ್ತದೆ. ಭೂಗೋಳದ ಪಠ್ಯಗಳು ಆರೋಹ ಮಳೆ ಎಂದು ಕರೆಯುವ, ಪಶ್ಚಿಮ ಘಟ್ಟದ ಮಳೆಗೂ ಕಾರಣವಾದ ಕ್ರಿಯೆಯೇ ಇದು. ಆಗುಂಬೆಯಲ್ಲಿ ಅದು ಮುಂಗಾರಿನ ನಾಲ್ಕು ತಿಂಗಳ ವ್ಯವಹಾರ. ವೈಯಲೆಯಲೆಯಲ್ಲಿ ಹನ್ನೆರಡು ತಿಂಗಳ ವ್ಯವಹಾರ. ಅಳತೆಯ ಅವಧಿಗೆ ತಕ್ಕಂತೆ ಅಲ್ಲಿನ ವಾರ್ಷಿಕ ಸರಾಸರಿ 9,500ರಿಂದ 11,500 ಮಿ.ಮೀ.ವರೆಗೆ ಲೆಕ್ಕಕ್ಕೆ ಬಂದಿದ್ದು, ಭೂಮಿಯ ಅತಿ ತೇವದ ತಾಣಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಬೆಟ್ಟದ ಆಚೆ ಬದಿಯ ಕೆಕಹದಲ್ಲಿ ಬೀಳುವುದು ಸುಮಾರು 500 ಮಿ.ಮೀ. ಮಾತ್ರ. ಕರ್ನಾಟಕದಲ್ಲಿ ಆಗುಂಬೆಯಿಂದ ಚಳ್ಳಕೆರೆಗೆ ಬರುವಷ್ಟರಲ್ಲಿ ಕಾಣುವ ಬದಲಾವಣೆಯನ್ನು ಕವಾಯಿ ಮೂವತ್ತು ಕಿಲೋಮೀಟರಿನೊಳಗೆ ಮುಗಿಸುತ್ತದೆ.

ಹೆಲಿಕಾಪ್ಟರಿನ ಐವತ್ತು ಅರವತ್ತು ನಿಮಿಷಗಳ ಹಾರಾಟದಲ್ಲಿ ಕಾಣುವುದು ಈ ಬದಲಾವಣೆ. ಲಿಹುವೆಯಿಂದ ಎದ್ದ ಹೆಲಿಕಾಪ್ಟರ್ ಸಾಮಾನ್ಯವಾಗಿ ಹನಪೇಪೇ ಕಣಿವೆಯ ಮೂಲಕ, ‘ಜುರಾಸಿಕ್ ಪಾರ್ಕ್’ ಚಿತ್ರದಿಂದ ಹೆಸರಾದ ಮನವೈಯೊಪುನ ಜಲಪಾತವನ್ನು ತೋರಿಸಿ, ಸುಮಾರು 16 ಕಿ.ಮೀ. ಉದ್ದದ, ಸುಮಾರು 900 ಮೀಟರ್ ಆಳದ ವೈಮೆಯಾ ಕಮರಿಯ ಕೆಂಪುಮಣ್ಣಿನ ಮೇಲೆ ಹಾದು, ಅಂಚನ್ನು ದಾಟಿ ತಟ್ಟನೆ ನಾ ಪಾಲಿಯ ಮೇಲೆ ಬರುತ್ತದೆ. ಕಡಲಿನಿಂದ ಒಂದೇ ಗೋಡೆಯಂತೆ ಕಂಡದ್ದು ಮೇಲಿನಿಂದ ನೋಡಿದಾಗ ಗೋಡೆಯೇ ಅಲ್ಲ. ಸೀರೆಯ ನೆರಿಗೆಗಳಂತೆ ಒಂದರ ಪಕ್ಕ ಒಂದು ನಿಂತ ಕತ್ತಿಯಂಚಿನ ಏಣುಗಳು, ಎರಡೆರಡು ಏಣುಗಳ ನಡುವೆ ಒಂದೊಂದು ಸೀಳು, ಪ್ರತಿ ಸೀಳಿನ ತಳದಲ್ಲೂ ಅದನ್ನು ಸೀಳಿದ ನೀರಿನ ಬಿಳಿ ಗೆರೆ. ಕಣಿವೆಯ ತಲೆ ಎಷ್ಟು ಒಳಕ್ಕೆ ಹೋಗಿದೆ, ಪಕ್ಕದ ಕಣಿವೆಯೊಂದಿಗೆ ಒಂದಾಗಲು ಎಷ್ಟು ತೆಳ್ಳನೆಯ ಗೋಡೆ ಉಳಿದಿದೆ ಎಂಬುದು ದೋಣಿಯವರಿಗೆ ಎಂದೂ ಕಾಣದು. ಮುಂದೆ ಹನಲೇಯನ್ನು ಬಳಸಿ, ಮೋಡ ಅನುಮತಿಸಿದರೆ, ಹೆಲಿಕಾಪ್ಟರ್ ವೈಯಲೆಯಲೆಯ ಮಡಿಲಿಗೆ ನುಗ್ಗುತ್ತದೆ. ಅಲ್ಲಿ ಸುತ್ತಲ ಹಸಿರು ಗೋಡೆಗಳಿಂದ ಎಣಿಸಲಾಗದಷ್ಟು ನೂಲುಧಾರೆಗಳು ಇಳಿಯುತ್ತಿರುತ್ತವೆ.

ಹಾರಾಟದ ಸಿದ್ಧತೆ ಕೌಂಟರಿನ ಮುಂದಿನ ತಕ್ಕಡಿಯಿಂದ ಆರಂಭವಾಗುತ್ತದೆ. ಪ್ರತಿಯೊಬ್ಬರನ್ನೂ ಉಟ್ಟ ಬಟ್ಟೆಯಲ್ಲೇ ತೂಗಿ, ಹೆಲಿಕಾಪ್ಟರಿನ ಸಮತೋಲಕ್ಕೆ ತಕ್ಕಂತೆ ಆಸನ ಹಂಚುತ್ತಾರೆ. ಗಂಡಹೆಂಡಿರು ಅಕ್ಕಪಕ್ಕ ಕೂರುವುದು, ಕಿಟಕಿಯ ಆಸನ ಸಿಗುವುದು ಪ್ರಯಾಣಿಕರ ಇಚ್ಛೆಗೆ ಬಿಟ್ಟದ್ದಲ್ಲ, ಮತ್ತು ನಿಗದಿತ ತೂಕ ಮೀರಿದವರು ಇನ್ನೊಂದು ಆಸನದ ಹಣವನ್ನೂ ಕೊಡಬೇಕಾಗುತ್ತದೆ. ಕಡುಬಣ್ಣದ ಬಟ್ಟೆ ತೊಡಬೇಕು, ಏಕೆಂದರೆ ಬಿಳಿಯ ಅಂಗಿ ಕಿಟಕಿಯ ಗಾಜಿನಲ್ಲಿ ಪ್ರತಿಫಲಿಸಿ ಎಲ್ಲರ ಛಾಯಾಚಿತ್ರದಲ್ಲೂ ಬೆಟ್ಟದ ಮೇಲೆ ತೇಲುತ್ತದೆ. ಬಾಗಿಲು ತೆಗೆದಿಟ್ಟು ಹಾರಿಸುವ ಹೆಲಿಕಾಪ್ಟರುಗಳಲ್ಲಿ ಗಾಜಿನ ತೊಂದರೆ ಇಲ್ಲ, ಆದರೆ ಚಳಿ ಇದೆ, ಮತ್ತು ಟೋಪಿ, ಓಢಣಿ, ಸಡಿಲ ವಸ್ತು ಯಾವುದೂ ಕೂಡದು. ಒತ್ತಿದ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸ್ಕೂಬಾ ಮುಳುಗುವ ಯೋಜನೆ ಇದ್ದವರು ಅದಕ್ಕೂ ಹಾರಾಟಕ್ಕೂ ನಡುವೆ ಒಂದು ಪೂರ್ಣ ದಿನ ಬಿಡಬೇಕು. ಆಳದಲ್ಲಿ ರಕ್ತಕ್ಕೆ ಕರಗಿದ ಸಾರಜನಕ, ಮೇಲೇರಿ ವಾಯುಒತ್ತಡ ತಗ್ಗಿದಾಗ ಗುಳ್ಳೆಯಾಗಿ ಏಳುವ ಅಪಾಯವಿದೆ.

ಅಪಾಯದ ಮಾತನ್ನು ಮುಚ್ಚಿಡಬಾರದು. ಹವಾಯಿಯಲ್ಲಿ ಸರಣಿ ಅಪಘಾತಗಳ ನಂತರ 1994ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಪ್ರವಾಸಿ ಹಾರಾಟಗಳಿಗೆ ನೆಲದಿಂದ 1,500 ಅಡಿಯ ಅಂತರವನ್ನು ವಿಧಿಸಿತು, ವಿಶೇಷ ಅನುಮತಿ ಪಡೆದವರಿಗೆ ಇದರಲ್ಲಿ ಸಡಿಲಿಕೆ ಇದೆ. ಆದರೂ 2019ರ ಡಿಸೆಂಬರ್ 26ರಂದು ಕವಾಯಿಯ ವಾಯವ್ಯದಲ್ಲಿ ಪ್ರವಾಸಿ ಹೆಲಿಕಾಪ್ಟರೊಂದು ಬೆಟ್ಟಕ್ಕೆ ಬಡಿದು ಅದರಲ್ಲಿದ್ದ ಏಳೂ ಜನ ಸತ್ತರು. ಕವಿಯುತ್ತಿದ್ದ ಮೋಡದೊಳಕ್ಕೆ ಹಾರಾಟ ಮುಂದುವರಿದದ್ದು ಕಾರಣವೆಂದು ತನಿಖೆ ಕಂಡುಕೊಂಡಿತು. ಬೆಟ್ಟದ ದಾರಿಗಳ ಹವಾಮಾನವನ್ನು ಮೊದಲೇ ತೋರಿಸುವ ಕ್ಯಾಮರಾಗಳ ಅಳವಡಿಕೆ ತಡವಾಗಿದ್ದುದನ್ನೂ ಎತ್ತಿಹೇಳಿತು. ದೋಣಿಯ ಶತ್ರು ಸ್ವೆಲ್ ಆದರೆ ಹೆಲಿಕಾಪ್ಟರಿನ ಶತ್ರು ಈ ಮೋಡ, ಮತ್ತು ಅದು ವರ್ಷದ ಯಾವ ತಿಂಗಳಲ್ಲೂ ಹತ್ತು ನಿಮಿಷದಲ್ಲಿ ಬರಬಲ್ಲದು. ಆದ್ದರಿಂದ ಹಾರಾಟ ರದ್ದಾಗಿದೆ ಎಂಬ ಪೈಲಟ್ಟಿನ ಮಾತು ಕೋಪ ತರಿಸಬಾರದು. ಇಂದು ಬೇಡವೆಂದು ಹೇಳುವ ಅಭ್ಯಾಸವಿರುವ ಸಂಸ್ಥೆಯನ್ನೇ ಹುಡುಕಿ ಕಾಯ್ದಿರಿಸುವುದು ಜಾಣತನ. ಇದರೊಂದಿಗೆ ಸದ್ದಿನ ಪ್ರಶ್ನೆಯೂ ಇದೆ. ಹೊರೆ ಹೊತ್ತು ನಡೆದು ಕಲಲಾವ್ ಮುಟ್ಟಿದವರ ತಲೆಯ ಮೇಲೆ ಹಗಲಿಡೀ ರೆಕ್ಕೆಗಳ ಬಡಿತ ನಿಲ್ಲುವುದಿಲ್ಲ ಎಂಬ ದೂರು ಹಳೆಯದು, ನ್ಯಾಯವಾದದ್ದು ಕೂಡ. ಒಮ್ಮೆ ಹಾರಿದರೆ ಸಾಕು, ಎರಡನೆಯ ಸಲ ದೋಣಿಯಲ್ಲಿ ಹೋಗಬಹುದು.

ದಿನಗಳ ಹೊಂದಾಣಿಕೆಯಲ್ಲಿ ನೆನಪಿಡಬೇಕಾದ್ದು ಸ್ವಲ್ಪವೇ. ದೋಣಿ, ಹೆಲಿಕಾಪ್ಟರ್ ಎರಡನ್ನೂ ತಂಗುವ ದಿನಗಳ ಮೊದಲಲ್ಲೇ ಕಾಯ್ದಿರಿಸಿದರೆ, ರದ್ದಾದಾಗ ಮತ್ತೊಂದು ದಿನಕ್ಕೆ ಎಡೆ ಉಳಿಯುತ್ತದೆ. ಕೊನೆಯ ದಿನಕ್ಕೆ ಇಟ್ಟುಕೊಂಡವರಿಗೆ ಉಳಿಯುವುದಿಲ್ಲ. ನಾ ಪಾಲಿ ವಾಯವ್ಯಕ್ಕೆ ಮುಖ ಮಾಡಿರುವುದರಿಂದ ಬೆಳಗ್ಗೆ ನೆರಳಲ್ಲಿದ್ದು ಮಧ್ಯಾಹ್ನದ ನಂತರ ಬಿಸಿಲಿಗೆ ಬರುತ್ತದೆ. ಕಡಲು ಶಾಂತವಾಗಿರುವುದಾದರೋ ಬೆಳಗ್ಗೆ. ಬೆಳಕು ಬೇಕೋ ನೆಮ್ಮದಿ ಬೇಕೋ ಎಂಬುದನ್ನು ಅವರವರೇ ನಿರ್ಧರಿಸಬೇಕು. ಹೆಲಿಕಾಪ್ಟರಿನ ಒಂದು ಗಂಟೆಗೆ ದೋಣಿಯ ಅರ್ಧ ದಿನಕ್ಕಿಂತ ಹೆಚ್ಚು ಹಣ ಬೀಳುತ್ತದೆ. ಕಾಲುದಾರಿಯ ಮೊದಲ ಭಾಗವನ್ನಾದರೂ ನಡೆಯಬೇಕೆನ್ನುವವರಿಗೆ ಪ್ರತ್ಯೇಕ ಮುಂಗಡ ಟಿಕೆಟ್ ಬೇಕು: 2018ರ ಏಪ್ರಿಲ್‌ನಲ್ಲಿ ಹನಲೇ ಬಳಿಯ ವೈಪಾದಲ್ಲಿ 24 ಗಂಟೆಗಳಲ್ಲಿ 1,262 ಮಿ.ಮೀ. ಮಳೆ ಸುರಿದು ಅಮೆರಿಕದ ದಾಖಲೆಯಾಯಿತು. ರಸ್ತೆ ಕುಸಿದು ಮುಚ್ಚಿದ್ದ, ಕಾಲುದಾರಿ ಆರಂಭವಾಗುವ ಹಯೇನ ಉದ್ಯಾನ ಮುಂದಿನ ವರ್ಷ ತೆರೆದಾಗ ದಿನಕ್ಕೆ 900 ಜನರೆಂಬ ಮಿತಿಯೊಂದಿಗೆ ತೆರೆಯಿತು.

ಅಮೆರಿಕದ ಪಶ್ಚಿಮ ತೀರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಲಿಹುವೆ ಐದಾರು ಗಂಟೆಯ ನೇರ ವಿಮಾನಯಾನ. ಊರಿನಿಂದ ಬಂದ ಅಪ್ಪಅಮ್ಮಂದಿರನ್ನು ಕರೆದುಕೊಂಡು ಹೋಗುವವರು ಮೇಲಿನ ತೂಕ, ಬೆನ್ನು, ವಾಕರಿಕೆಗಳ ಮಾತನ್ನು ಅವರ ದೃಷ್ಟಿಯಿಂದ ಇನ್ನೊಮ್ಮೆ ಓದಿಕೊಳ್ಳುವುದು ಒಳಿತು. ಅಂಥವರು ಹೋಗಿ ನೋಡಬಹುದಾದ ಇನ್ನೊಂದು ಸ್ಥಳ ದ್ವೀಪದ ಪೂರ್ವದ ವೈಲುವ ನದಿಯ ಬಳಿ ಇದೆ. 1970ರಲ್ಲಿ ಸ್ಥಾಪನೆಯಾದ ಶೈವ ಮಠದ ಆವರಣದಲ್ಲಿ ನಿಂತಿರುವ ಇರೈವನ್ ದೇವಾಲಯದ ಕಲ್ಲುಗಳನ್ನು ಶಿಲ್ಪಿಗಳು 1990ರಿಂದ ವರ್ಷಗಟ್ಟಲೆ ಬೆಂಗಳೂರಿನಲ್ಲಿ ಉಳಿ ಸುತ್ತಿಗೆ ಹಿಡಿದು ಕೈಯಲ್ಲೇ ಕೆತ್ತಿ ಹಡಗಿನಲ್ಲಿ ಕಳುಹಿಸಿದರು; 2023ರಲ್ಲಿ ಅದರ ಕುಂಭಾಭಿಷೇಕವಾಯಿತು. ಎಲ್ಲೆಲ್ಲೂ ಬಸಾಲ್ಟೇ ಇರುವ ಆ ದ್ವೀಪದ ಮೇಲೆ ದಕ್ಷಿಣ ಭಾರತದಿಂದ ಬಂದ ಗ್ರಾನೈಟ್, ತಾನು ನಿಂತ ನೆಲಕ್ಕಿಂತ ಬಹಳ ಹಿರಿಯದಾಗಿ ನಿಂತಿದೆ.

ದೋಣಿಯೂ ಸಾಧ್ಯವಿಲ್ಲ, ಹೆಲಿಕಾಪ್ಟರೂ ಬೇಡವೆನ್ನುವವರಿಗೆ, ಅಥವಾ ಎರಡೂ ರದ್ದಾಗಿ ಕೈಚೆಲ್ಲಿ ಕುಳಿತವರಿಗೆ ಉಳಿದಿರುವುದು ಕೊಕೆಯೆಯ ದಾರಿ. ವೈಮೆಯಾ ಕಮರಿಯ ಅಂಚನ್ನು ಹಿಡಿದು ಏರುವ ಈ ರಸ್ತೆ ಸುಮಾರು 1,200 ಮೀಟರ್ ಎತ್ತರದ ಕಲಲಾವ್ ನೋಟತಾಣಕ್ಕೆ ಕಾರಿನಲ್ಲೇ ಕರೆದೊಯ್ಯುತ್ತದೆ. ಅನೇಕ ದಿನ ಅಲ್ಲಿ ಕಟಕಟೆಯ ಮುಂದೆ ಬಿಳಿಯ ಮೋಡವಲ್ಲದೆ ಏನೂ ಇರುವುದಿಲ್ಲ, ಬಂದವರು ಐದು ನಿಮಿಷ ನಿಂತು ಹಿಂದಿರುಗುತ್ತಾರೆ. ಅರ್ಧ ಗಂಟೆ ಕಾಯುವ ತಾಳ್ಮೆ ಇದ್ದವರಿಗೆ, ಕೆಳಗಿನ ಕಡಲಿನಿಂದ ಗಾಳಿಯೊಂದು ಕಣಿವೆಯೊಳಗೆ ಏರಿ ಬಂದು ಮೋಡ ಮೊದಲು ಬುಡದಲ್ಲಿ ಹರಿಯುತ್ತದೆ. ಹರಿದ ಕಿಂಡಿಯಲ್ಲಿ ಒಂದು ಹಸಿರು ಏಣು, ಅದರಾಚೆ ಇನ್ನೊಂದು, ಕೆಸುವಿನ ಗದ್ದೆಗಳಿದ್ದ ತಗ್ಗು, ಅದರ ಕೊನೆಗೆ ನೀಲಿ ಕಡಲು ಕಾಣುತ್ತವೆ, ಮತ್ತು ಕಡಲಿನ ಮೇಲೆ ಬಿಳಿಯ ಗೆರೆ ಎಳೆಯುತ್ತ ಬಂಡೆಯ ಬುಡದ ಕಡೆಗೆ ತಿರುಗುತ್ತಿರುವ ಒಂದು ಪುಟ್ಟ ದೋಣಿ.